ಅಪ್ಪನ ಪಾಯಿಂಟು

ಮಗಳೇ,

ನೀನು ಟಿಕೆಟ್ ತೆಗೆದುಕೊಟ್ಟ ಹಡಗು ಒಂದು ಪೇಟೆಯಷ್ಟಿದೆ. ಇಲ್ಲಿ ಡೆಕ್ಕಿನ ಸುತ್ತ ನಡೆದರೂ ಪಾಯಿಂಟು, ಆಟವಾಡಿದರೂ ಪಾಯಿಂಟು, ಕೂಡಿಟ್ಟರೆ ಬಹುಮಾನ. ಮಂಡಿ ಆಪರೇಷನ್ ಆದಮೇಲೆ ಡಾಕ್ಟರು ಗೋಗರೆದರೂ ಕುರ್ಚಿ ಬಿಡದ ನಿಮ್ಮಪ್ಪ, ಪುಕ್ಕಟೆ ಟೋಪಿ ಎಂದದ್ದೇ ತಡ, ಊರುಗೋಲು ಹಿಡಿದು ದಿನಾ ಸುತ್ತತೊಡಗಿದರು. ಇವತ್ತು ಬಹುಮಾನದ ಕೌಂಟರಿನಲ್ಲೂ ಬಟ್ಟೆಯಂಗಡಿಯ ಚೌಕಾಸಿ ಬಿಡಲಿಲ್ಲವಂತೆ: "ಇಷ್ಟೊಂದು ಪಾಯಿಂಟಿಗೆ ಒಂದೇನಾ? ಮೊಮ್ಮಗಳಿಗೂ ಒಂದು ಸೇರಿಸಮ್ಮ." ಕೌಂಟರಿನ ಹುಡುಗಿ ನಕ್ಕು ಕೊಟ್ಟಳಂತೆ. ಎರಡು ಕೈಯಲ್ಲೂ ಒಂದೊಂದು ಟೋಪಿ ಬೀಸುತ್ತ ರೂಮಿಗೆ ದಡದಡ ಬಂದರು.

"ಕೋಲೆಲ್ರೀ?" ಎಂದೆ.

ಕೈಗಳನ್ನು ತಾವೇ ನೋಡಿಕೊಂಡರು. ಕೌಂಟರಿನಲ್ಲೇ ಮರೆತಿದ್ದರು! ಈ ಪೋಸ್ಟ್‌ಕಾರ್ಡು ತುಂಬಿತು, ಇದೊಂದು ಬರೆದು ಮುಗಿಸುತ್ತೇನೆ: ಕೋಲು ತರಲು ಈಗ ಹೋಗಿದ್ದಾರೆ, ಕೋಲಿಲ್ಲದೆ.

ಅಮ್ಮ