ಪ್ರತಿ ವರ್ಷ ತೋರಿಸಿದ ಕೈ

ರಾತ್ರಿ ಒಂಬತ್ತೂವರೆ, ಮಂಗಳವಾರ. ನಗರಸಭೆಯ ಕಸದ ಲಾರಿಯಲ್ಲಿ ನಮ್ಮ ಯಜಮಾನರ ಜೊತೆಗಿದ್ದು, ಆಮೇಲೆ ಕಾಲು ಕಳೆದುಕೊಂಡ ಡ್ರೈವರ್ ಸಂಜೆ ಬಂದಿದ್ದ. ಅಂಗವಿಕಲ ನೌಕರರಿಗೆ ನಗರಸಭೆ ಕೊಡುವ ಪಿಂಚಣಿಯ ನಿಯಮ ತಿದ್ದುವ ಮಾತು ನಡೆದಿದೆಯಂತೆ. ಪ್ರತಿ ವರ್ಷ ಡಾಕ್ಟರ ಮುಂದೆ ನಿಲ್ಲಬೇಕಿಲ್ಲ, ಒಮ್ಮೆ ತೋರಿಸಿದರೆ ಸಾಕು ಎಂದು. ನಗರಸಭೆ ಸದಸ್ಯರಲ್ಲಿ ಅರ್ಧ ಜನ ಒಪ್ಪಿಲ್ಲ.

ಕೈ ಹೋದ ಮೇಲೆ ಇವರು ಹನ್ನೊಂದು ವರ್ಷ ಡಾಕ್ಟರ ಮುಂದಿನ ಆ ಸಾಲಿನಲ್ಲಿ ನಿಂತರು. ಮೊಂಡು ತೋಳು ಚಾಚಿ, "ಈ ವರ್ಷಾನೂ ಚಿಗುರಿಲ್ಲ ಡಾಕ್ಟ್ರೇ, ಮುಂದಿನ್ವರ್ಷ ನೋಡೋಣ" ಅನ್ನುತ್ತಿದ್ದರು. ಮನೆಗೆ ಬಂದರೆ ಮಾತ್ರ ಊಟ ಬೇಡ ಎನ್ನುತ್ತಿದ್ದರು. ಆ ದಿನ ನಾನೇ ತುತ್ತು ಕೊಡುತ್ತಿದ್ದೆ. ಅವರು ತೀರಿಹೋಗಿ ನಾಲ್ಕು ತಿಂಗಳಾದರೂ ತುತ್ತು ಹಿಡಿದ ನನ್ನ ಕೈ ತಟ್ಟೆಯ ಆಚೆಗೇ ಹೋಗುತ್ತದೆ.

"ನಗರಸಭೆ ಸಭೇಲಿ ನೀವೇ ಮಾತಾಡ್ಬೇಕು ಅತ್ತಿಗೆ" ಎಂದ ಡ್ರೈವರ್.

"ನಾಲ್ಕು ಜನರ ಮುಂದೆ ನಂಗೆಲ್ಲಿ ಬಾಯಿ ಬರುತ್ತಪ್ಪಾ?"

"ಅಣ್ಣ ಡಾಕ್ಟ್ರಿಗೆ ಹೇಳ್ತಿದ್ದ ಮಾತು ಹೇಳಿ, ಸಾಕು. ಮೊದ್ಲು ನಗ್ತಾರೆ, ಆಮೇಲೆ ತಲೆ ತಗ್ಗಿಸ್ತಾರೆ."

ಆಗಲಿ ಎಂದೆ. ಸಭೆ ನಾಳೆ ಹನ್ನೊಂದು ಗಂಟೆಗೆ.