ಮೂರನೇ ಕಂಬದ ಒಣ ಬತ್ತಿ

ಏಪ್ರಿಲ್ 9, ಸಂಜೆ 6

ಇವತ್ತೂ ಟೆಸ್ಟ್, ರಿಯಾಕ್ಟರಿನ ನೀರು ತಣಿಸುವ ಕೂಲಿಂಗ್ ಟವರ್ ಸುತ್ತ ಗಾಣದೆತ್ತಿನ ಹಾಗೆ ತಿರುಗಾಟ. ಮೂರು ಕಂಬ, ಗಾಳಿಯ ತೇವ ಅಳೆಯಲು ಮೂರು ಒದ್ದೆ ಬತ್ತಿಯ ಥರ್ಮಾಮೀಟರ್. ಬತ್ತಿ ಒಣಗದಂತೆ ಗಂಟೆಗೊಮ್ಮೆ ಹೋಗಿ ಅದರ ಬಟ್ಟಲಿಗೆ ನೀರು ಹಾಕಬೇಕು, ಹಾಕಿದವರು ಚಾರ್ಟಿನಲ್ಲಿ ಇನಿಷಿಯಲ್ ಹಾಕಬೇಕು. ಮೇಷ್ಟ್ರ ಕಟ್ಟುನಿಟ್ಟು. ಅವರು ನನ್ನ ಮೇಲಧಿಕಾರಿ, ಆದರೆ ಎಲ್ಲರ ಬಾಯಲ್ಲೂ ಮೇಷ್ಟ್ರೇ.

ಹನ್ನೊಂದಕ್ಕೆ ಮನೆಯಿಂದ ಇವರ ಫೋನ್. ಮಗಳು ಉಯ್ಯಾಲೆಯಿಂದ ಬಿದ್ದು ಗಲ್ಲಕ್ಕೆ ಎರಡು ಹೊಲಿಗೆ. ಮತ್ತೆ ಮತ್ತೆ ಮನೆಗೆ ಫೋನ್ ಮಾಡುತ್ತಲೇ ಇದ್ದೆ. ಈಗ ಪರವಾಗಿಲ್ಲ, ಐಸ್‌ಕ್ರೀಂ ಬೇಕಂತೆ.

ಏಪ್ರಿಲ್ 12

ರಿಪೋರ್ಟ್ ಹೋಯಿತು. ಟವರ್ ಪಾಸ್, ತಣಿಸುವ ಶಕ್ತಿ ನೂರಾ ಒಂದು ಪರ್ಸೆಂಟ್. ಮೂರನೇ ಕಂಬದ ಅಂಕಿ ಮಾತ್ರ ಮೂರೂವರೆ ಡಿಗ್ರಿ ಹೆಚ್ಚು. 'ಟವರಿನ ಹಬೆ ಗಾಳಿಗೆ ತಿರುಗಿ ಬಂದಿರಬೇಕು' ಎಂದು ಬರೆದು ಮೇಷ್ಟ್ರು ಸಹಿ ಹಾಕಿದರು. ಅವರ ಕೊನೆಯ ಟೆಸ್ಟ್, ಮೂವತ್ತಕ್ಕೆ ನಿವೃತ್ತಿ. ನನ್ನ ಕೆಲಸ ಖಾಯಂ ಆಗುವುದೂ ಈ ತಿಂಗಳೇ.

ಏಪ್ರಿಲ್ 13

ಸಾಮಾನು ಬಿಚ್ಚುತ್ತಿದ್ದೆ. ಮೂರನೇ ಕಂಬದ ಬಟ್ಟಲು ಮಾತ್ರ ಬಿರುಕು ಬಿಟ್ಟಿದೆ, ನೀರು ಬೇಗ ಸೋರಿಹೋಗಿ ಬತ್ತಿ ಕಡ್ಡಿಯಾಗಿದೆ.

ಆ ದಿನ ಹನ್ನೊಂದರ ಸುತ್ತಿಗೆ ನಾನು ಹೋಗಲೇ ಇಲ್ಲ. ಫೋನ್ ಕಿವಿಗಿಟ್ಟುಕೊಂಡೇ ಇನಿಷಿಯಲ್ ಗೀಚಿದ್ದೆ — ಆಮೇಲೆ ಹೋದರಾಯಿತು ಎಂದು. ಮರೆತೆ. ಹನ್ನೆರಡಕ್ಕೂ, ಒಂದಕ್ಕೂ ಹೋಗದೆಯೇ ಗೀಚಿದೆ.

ಒಣ ಬತ್ತಿ ಸುಳ್ಳು ಹೇಳುತ್ತದೆ. ಗಾಳಿ ಇರುವುದಕ್ಕಿಂತ ಹೆಚ್ಚು ತೇವ ಎಂದು ತೋರಿಸಿ, ಅದರಲ್ಲೂ ಇಷ್ಟು ತಂಪು ಮಾಡಿತಲ್ಲ ಎಂದು ಟವರ್‌ಗೆ ಪುಕ್ಕಟೆ ಅಂಕ ಕೊಡುತ್ತದೆ. ಆ ಅಂಕಿ ಬಿಟ್ಟು ಲೆಕ್ಕ ಹಾಕಿದೆ. ತೊಂಬತ್ತಮೂರು. ಪಾಸಾಗಲು ತೊಂಬತ್ತೈದಾದರೂ ಬೇಕು. ರಿಯಾಕ್ಟರ್ ನಿಲ್ಲಿಸಿದ ಮೇಲೂ ಅದರ ಬಿಸಿ ಇಳಿಸುವುದು ಈ ಟವರಿನ ನೀರೇ. ಮುಂದಿನದು ಮೇ ತಿಂಗಳ ಬಿಸಿಲು...

ಏಪ್ರಿಲ್ 16

ಮೂರು ದಿನ ಅನ್ನ ಸೇರಲಿಲ್ಲ. ಇವರಿಗೆ ಹೇಳಿದೆ.

"ಹೇಳಿದ್ರೆ ಕೆಲಸ ಹೋಗುತ್ತಾ?"

"ಹೋಗಬಹುದು. ಸುಳ್ಳು ಇನಿಷಿಯಲ್ ಅಲ್ವಾ."

"ಹೇಳದಿದ್ರೆ?"

"ನಿದ್ದೆ ಹೋಗಿದೆ ಆಗಲೇ."

"ನನ್ನದೂ ಹೋಗಿದೆ, ಮೂರು ದಿನದಿಂದ ಬರೀ ಹೊರಳಾಡ್ತಿದ್ದೀಯ. ಹೋಗಿ ಹೇಳಿಬಿಡು ಮಾರಾಯ್ತಿ."

ಏಪ್ರಿಲ್ 17

ಮೇಷ್ಟ್ರಿಗೆ ಹೇಳಿದೆ. ಮೊದಲು ಕೆಂಡವಾದರು. "ನನ್ನ ಕೈಲಿ ಸಹಿ ಹಾಕಿಸಿಕೊಂಡು ಈಗ ಬಂದು ಹೇಳ್ತೀಯೇನಮ್ಮ?"

ನಾನು ಅತ್ತೆ. ನಾಚಿಕೆಯಿಲ್ಲದೆ, ಸ್ಟೂಲಿನ ಮೇಲೆ ಕೂತು.

ಅವರು ಚಾರ್ಟ್ ತೆಗೆದು ನೋಡಿದರು. "ಮೂರೂವರೆ ಡಿಗ್ರಿ ಹೆಚ್ಚು ಕಂಡಾಗ ನಾನು ಎದ್ದು ಹೋಗಿ ನೋಡಬೇಕಿತ್ತು. ಮಂಡಿ ನೋವು ಅಂತ ಕುರ್ಚಿಯಲ್ಲೇ ಕೂತು ತಪ್ಪನ್ನ ಗಾಳಿ ಮೇಲೆ ಹಾಕಿದೆ. ಮೊದಲು ಇನ್ನೊಂದು ಸಲ ಟೆಸ್ಟ್ ಮಾಡೋಣ, ಬೈಯೋದು ಆಮೇಲೆ."

ರಿಪೋರ್ಟ್ ವಾಪಸ್ ತರಿಸಿದರು.

ಏಪ್ರಿಲ್ 21

ಮತ್ತೆ ಟೆಸ್ಟ್. ಪ್ರತಿ ಸುತ್ತಿಗೂ ನಾನೇ. ಮೇಷ್ಟ್ರೂ ಕುಂಟುತ್ತಾ ಹಿಂದೆಯೇ ಬಂದರು, ಬೇಡವೆಂದರೂ ಕೇಳಲಿಲ್ಲ. ತೊಂಬತ್ತೆರಡು. ಫೇಲ್. ಟವರಿನೊಳಗೆ ನೀರು ಹರಡುವ ಹಲಗೆಗಳ ತುಂಬ ಸುಣ್ಣ ಕಟ್ಟಿದೆಯಂತೆ. ಬಿಸಿಲು ಏರುವ ಮುಂಚೆ ಬಿಚ್ಚಿ ತೊಳೆಯುತ್ತಾರೆ. ಇವತ್ತು ಹೊಟ್ಟೆ ತುಂಬ ಉಂಡೆ.

ಏಪ್ರಿಲ್ 24, ಬೆಳಿಗ್ಗೆ 11.40

ಸುಳ್ಳು ಇನಿಷಿಯಲ್ ಬಗ್ಗೆ ವಿಚಾರಣೆ. ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. "ಮೊದಲು ನಾನು ಮಾತಾಡ್ತೀನಿ, ಕರೆದಾಗ ಬಾ" ಎಂದು ಮೇಷ್ಟ್ರು ಒಳಗೆ ಹೋಗಿ ನಲವತ್ತು ನಿಮಿಷ. ಯಾರೂ ಕರೆಯಲಿಲ್ಲ.

11.55

ಮೇಷ್ಟ್ರು ಬಂದರು. ಕೊರಳಲ್ಲಿ ಬ್ಯಾಡ್ಜ್ ಇಲ್ಲ.

"ಮುಗೀತು. ನೀನು ಕೆಲಸಕ್ಕೆ ಹೋಗು."

"ಏನು ಹೇಳಿದ್ರಿ ಸಾರ್?"

"ನೀರು ಹಾಕೋಕೆ ಹೋಗಬೇಡ ಅಂತ ನಾನೇ ಹೇಳಿದ್ದೆ ಅಂದೆ. ಆರು ದಿನ ಉಳಿದಿತ್ತು, ಹೋದರೆ ಹೋಯ್ತು."

ಮೆಟ್ಟಿಲು ಇಳಿಯುತ್ತಿದ್ದಾರೆ. ಒಂದೊಂದಕ್ಕೂ ನಿಂತು. ಇಲ್ಲ, ಇದು ಆಗದು. ಬಾಗಿಲು ಇನ್ನೂ ತೆರೆದಿದೆ. ಒಳಗೆ ಹೋಗಿ ಹೇಳುತ್ತೇನೆ, ಆ ಇನಿಷಿಯಲ್ ನಾನೇ ಗೀಚಿದ್ದು, ಹೋಗಬೇಡ ಅಂತ ಯಾರೂ ಹೇಳಿರಲಿಲ್ಲ ಎಂದು.