ಹಿಡಿದು ಬಿಡುವವರ ಕ್ಲಬ್ಬು

ಮನೆಯಿಂದ,
ಮಂಗಳವಾರ, ಸಂಜೆ ಐದು ಗಂಟೆ

ಪ್ರೀತಿಯ ತಮ್ಮನಿಗೆ,

ಒಂಬತ್ತು ವರ್ಷ ಒಂದು ಸಾಲೂ ಬರೆಯದ ಅಕ್ಕ ಕ್ಷೇಮ ಕೇಳಿದರೆ ನಿನಗೆ ನಗು ಬರಬಹುದು. ಆದರೂ ಕೇಳುತ್ತಿದ್ದೇನೆ. ಮೊಣಕಾಲು ನೋವೊಂದು ಬಿಟ್ಟರೆ ಅಮ್ಮ ಚೆನ್ನಾಗಿದ್ದಾಳೆ. ಚೆನ್ನಾಗಿಲ್ಲದಿರುವುದು ಹೊಳೆ.

ನಮ್ಮ ಗಾಳದ ಕ್ಲಬ್ಬಿಗೆ ಈ ವರ್ಷ ನಲವತ್ತು ತುಂಬುತ್ತದೆ. ಅದರ ಚರಿತ್ರೆಯನ್ನು ಎರಡು ಪುಟದಲ್ಲಿ ಬರೆದುಕೊಡು ಎಂದು ಹಲ್ಲಿನ ಡಾಕ್ಟರು ನನ್ನನ್ನು ಕೂರಿಸಿದ್ದರು. ಕಾಗದದ ಕಾರ್ಖಾನೆ ಮುಚ್ಚುವ ಹೊತ್ತಿಗೆ ಅದರ ಕೊಳಚೆಯಿಂದ ಹೊಳೆಯಲ್ಲಿ ಒಂದು ಮೀನೂ ಉಳಿದಿರಲಿಲ್ಲ. ಗಡಿಯಾರ ರಿಪೇರಿ ಮಾಡುತ್ತಿದ್ದ ನಮ್ಮಮ್ಮ, ಹಲ್ಲಿನ ಡಾಕ್ಟರು, ಬಸ್ ಡ್ರೈವರ್ ಮಾವ ಮೂವರೂ ಸೇರಿ ಎರಡು ಮೈಲಿ ಹೊಳೆಯನ್ನು ಗುತ್ತಿಗೆ ಹಿಡಿದರು. ದಡದುದ್ದಕ್ಕೂ ನೆರಳಿನ ಗಿಡ ನೆಟ್ಟರು. ನೀರು ತಿಳಿಯಾಗಲೆಂದು ನಾಲ್ಕು ವರ್ಷ ಕಾದರು. ಐದನೆಯ ವರ್ಷ ಬೆಟ್ಟದ ತೊರೆಯಿಂದ ಹಾಲಿನ ಕ್ಯಾನುಗಳಲ್ಲಿ, ತಣ್ಣೀರಲ್ಲಷ್ಟೇ ಬದುಕುವ ಟ್ರೌಟ್ ಮೀನಿನ ಮರಿಗಳನ್ನು ತಂದು ಬಿಟ್ಟರು. ಅಮ್ಮ ಗಡಿಯಾರದ ಚಿಮುಟದಲ್ಲೇ ಗರಿ, ದಾರ ಸುತ್ತಿ ಗಾಳಕ್ಕೆ ಹುಸಿ ನೊಣ ಕಟ್ಟುತ್ತಿದ್ದಳು. ನಿಜವಾದ ನೊಣಗಳೇ ಅದರ ಪಕ್ಕ ಬಂದು ಕೂರುತ್ತಿದ್ದವು, ನೆನಪಿದೆಯಾ?

ಮೀನಿನ ಬಾಯಿ ಹರಿಯದಂತೆ ಗಾಳದ ತುದಿಯ ಹಿಮ್ಮುಳ್ಳನ್ನು ಅರದಿಂದ ಉಜ್ಜಿ ತೆಗೆಯಬೇಕು, ಹಿಡಿದ ಮೀನನ್ನು ನೀರಿನೊಳಗಿಟ್ಟೇ ಬಿಡಬೇಕು. ಇರುವುದು ಇವೆರಡೇ ನಿಯಮ. "ಬಿಡೋದೇ ಆದ್ರೆ ಹಿಡಿಯೋದ್ಯಾಕೆ?" ಎಂದು ಪೋಸ್ಟ್‌ಮಾಸ್ಟರು ಅಮ್ಮನನ್ನು ಛೇಡಿಸಿದ್ದರು. ಅಮ್ಮ ಹೇಳಿದ್ದು ಇಷ್ಟು: "ದಡದಲ್ಲಿ ನಿಂತು ನೋಡಿದವರು ನೋಡಿ ಹೋಗ್ತಾರೆ. ಒಂದ್ಸಲ ಕೈಯಲ್ಲಿ ಹಿಡಿದವರು ಹೊಳೆ ಕಾಯ್ತಾರೆ." ಕ್ಲಬ್ಬಿನ ಉದ್ದೇಶ ಎಂಬ ತಲೆಬರಹದ ಕೆಳಗೆ ನಾನು ಅದನ್ನೇ ಬರೆದಿದ್ದೇನೆ.

ಬರೆಯದೆ ಬಿಟ್ಟದ್ದು ನಿನ್ನ ವಿಷಯ. ಮೀನು ಕಡಿಮೆಯಾಗಿದೆ, ನನ್ನ ಮೀನುಮರಿ ಕೇಂದ್ರದಲ್ಲಿ ಸಾಕಿದ ಮೀನನ್ನು ವರ್ಷ ವರ್ಷ ತಂದು ಬಿಡುತ್ತೇನೆ ಎಂದು ಒಂಬತ್ತು ವರ್ಷದ ಹಿಂದೆ ನೀನು ಸಭೆಯಲ್ಲಿ ಹೇಳಿದೆ. ಸಾಕಿದ ಮೀನು ಬೇಕಾದವರು ಅಂಗಡಿಗೆ ಹೋಗಲಿ ಎಂದಳು ಅಮ್ಮ. ನಿನಗೆ ಮಕ್ಕಳಿಗಿಂತ ಮೀನೇ ಹೆಚ್ಚು ಎಂದೆ ನೀನು. ಮಾತಿಗೆ ಮಾತು ಬೆಳೆದು ನಿನ್ನ ಹೆಸರನ್ನು ರಿಜಿಸ್ಟರಿನಿಂದ ಹೊಡೆದುಹಾಕಿದರು. 'ಸರ್ವಾನುಮತದಿಂದ' ಎಂದು ನಡಾವಳಿ ಬರೆದವಳು ನಾನು. ಆಗ ನಾನು ಕೈ ಎತ್ತಿರಲಿಲ್ಲ ಕಣೋ. ಬೇಡ ಅನ್ನಲೂ ಬಾಯಿ ಬರಲಿಲ್ಲ.

ಈ ಬೇಸಿಗೆ ಹೊಳೆ ಮೊಣಕಾಲುದ್ದಕ್ಕೆ ಇಳಿದಿದೆ. ನೀರು ಇಪ್ಪತ್ತನಾಲ್ಕು ಡಿಗ್ರಿ, ಟ್ರೌಟಿಗೆ ತಡೆಯದಷ್ಟು ಬಿಸಿ. ಕಲ್ಲುಸೇತುವೆಯ ಕೆಳಗೆ ಒರತೆಯ ತಣ್ಣೀರು ಸ್ವಲ್ಪ ಜಿನುಗುತ್ತದಲ್ಲ, ಅಲ್ಲಿ ಇರುವ ಮೀನೆಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿವೆ. ಮೂವತ್ತೆಂಟು ಎಣಿಸಿದೆ. ನೆರಳು ಬಿದ್ದರೂ ಓಡುವುದಿಲ್ಲ, ಬಾಯಿ ತೆರೆದು ಮುಚ್ಚುತ್ತವೆ, ಅಷ್ಟೆ. ಗಾಳ ಹಾಕುವುದನ್ನು ನಿಲ್ಲಿಸಿದ್ದೇವೆ. ಡಾಕ್ಟರು ಐಸಿನ ಗಡ್ಡೆಗಳನ್ನು ತರಿಸಿ ಹಾಕಿಸಿದರು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಎಪ್ಪತ್ತಾರರ ಆ ಮನುಷ್ಯ ಪ್ಯಾಂಟು ಮಡಿಸಿಕೊಂಡು ನೀರಿಗಿಳಿದು ಹಲಗೆಯಿಂದ ನೀರು ಕಲಕುತ್ತಾರೆ, ಗಾಳಿ ಸೇರಲಿ ಎಂದು. ಅಮ್ಮ ದಡದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು, ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ಇಳಿಬಿಡುತ್ತಾಳೆ, ಎತ್ತಿ ನೋಡುತ್ತಾಳೆ, ಮತ್ತೆ ಇಳಿಬಿಡುತ್ತಾಳೆ. ಇವತ್ತು ನನ್ನನ್ನು ಕರೆದು, "ನೀನೇ ನೋಡು, ನನ್ನ ಕಣ್ಣು ಸರಿ ಇಲ್ಲ" ಎಂದಳು. ಕಣ್ಣು ಸರಿಯಾಗಿಯೇ ಇದೆ.

ನಿನ್ನ ಕೇಂದ್ರದಲ್ಲಿ ತಣ್ಣೀರಿನ ಟ್ಯಾಂಕಿರುವ ಲಾರಿ ಇದೆಯಂತಲ್ಲ. ತಗೊಂಡು ಬಾರೋ. ಇವನ್ನೆಲ್ಲ ಎತ್ತಿಕೊಂಡು ಹೋಗಿ ಮಳೆ ಬರುವವರೆಗೆ ಇಟ್ಟುಕೋ. ಹನ್ನೆರಡು ದಿನದಿಂದ ಈ ಕಾಗದ ಬರೆಯಬೇಕೆಂದು ಕೂರುತ್ತಿದ್ದೇನೆ, ಅಮ್ಮನ ಮುಖ ನೋಡಿ ಏಳುತ್ತಿದ್ದೇನೆ. ನಿನ್ನ ಹೆಸರೆತ್ತಿದರೆ ಅವಳು ಕುರ್ಚಿ ಬಿಟ್ಟು ಎದ್ದುಹೋಗುತ್ತಾಳೆ ಎಂಬ ಭಯ. ಫೋನಿನಲ್ಲಿ ನನ್ನ ದನಿ ಕೇಳಿ ನೀನು ಇಟ್ಟುಬಿಟ್ಟರೆ ಎಂಬ ಭಯ ಇನ್ನೊಂದು. ಅದಕ್ಕೇ ಇದನ್ನು ನಾಳೆ ಬೆಳಗಿನ ಬಸ್ಸಿನಲ್ಲಿ ಕೊಟ್ಟು ಕಳಿಸುತ್ತೇನೆ, ಮಧ್ಯಾಹ್ನದೊಳಗೆ ನಿನ್ನ ಕೈ ಸೇರುತ್ತದೆ. ಅಮ್ಮನಿಗೆ ಹೇಳಿಲ್ಲ. ಬಂದ ಮೇಲೆ ಬೈಸಿಕೊಳ್ಳೋಣ, ಇಬ್ಬರೂ ಸೇರಿ.

ದಾರಿ ಕಾಯುವ,
ನಿನ್ನ ಅಕ್ಕ

ತಾ.ಕ.: ಬುಧವಾರ. ಲಾರಿ ಬೇಡ. ಬೆಳಿಗ್ಗೆ ಆರಕ್ಕೆ ಹೋದಾಗ ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಾನೂ ಡಾಕ್ಟರೂ ಬುಟ್ಟಿಯಲ್ಲಿ ತುಂಬಿಕೊಂಡೆವು. ಮನೆಗೆ ಬಂದರೆ ಮೇಜಿನ ಮೇಲೆ ಬಿಟ್ಟುಹೋಗಿದ್ದ ಈ ಕಾಗದವನ್ನು ಅಮ್ಮ ಓದಿ ಮುಗಿಸಿದ್ದಳು. ಬೈಯಲಿಲ್ಲ. ಮಡಿಸಿ ನನ್ನ ಕೈಗೆ ಕೊಟ್ಟು ಹೇಳಿದಳು: "ನಂಗೂ ಮೊದಲನೇ ದಿನದಿಂದ ಅವನ ಲಾರಿನೇ ನೆನಪಾಗ್ತಿತ್ತು. ನೀನು ಬಾಯಿಬಿಟ್ಟು ಕೇಳ್ತೀಯ ಅಂತ ಕಾಯ್ತಾ ಕೂತಿದ್ದೆ."